ಎರಡು ಉಸಿರಿನ ಚಿಕ್ಕಿ

ಉದಗೀರಿನ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ, ನಾನು ಮುಖ್ಯಸ್ಥನಾಗಿದ್ದಷ್ಟು ಕಾಲ, ಒಂದೇ ಒಂದು ಟೈಟ್ರೇಶನ್ ತಪ್ಪಾಗಲಿಲ್ಲ. ಜಗತ್ತಿನ ಯಾವ ದೊಡ್ಡ ಪ್ರಯೋಗಶಾಲೆಗೂ ಇಂಥ ಕೀರ್ತಿ ಇರಲಾರದು. ಬ್ಯುರೆಟ್ಟಿನಿಂದ ಆಮ್ಲವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗಿದ ಗಳಿಗೆಗೆ ನಿಲ್ಲಿಸಿ, ಅಂಕಿ ಬರೆದುಕೊಳ್ಳಬೇಕು. ಹೀಗೆ ಮೂರು ಸಲ. ಮೂರೂ ಅಂಕಿ ಒಂದಕ್ಕೊಂದು ಹೊಂದಬೇಕು ಎಂಬುದು ಶಾಸ್ತ್ರ. ಹುಡುಗರು ಮೊದಲನೆಯದನ್ನು ಮಾಡುತ್ತಿದ್ದರು, ಎರಡನೆಯದನ್ನು ಮಾಡಿದಂತೆ ಮಾಡುತ್ತಿದ್ದರು, ಮೂರನೆಯದನ್ನು ಬರೆಯುತ್ತಿದ್ದರು. ನಾನು ಕೆಳಗೆ ಸಹಿ ಹಾಕುತ್ತಿದ್ದೆ. 'ಸಹಿ ಇಲ್ಲದ ರೀಡಿಂಗು ರೀಡಿಂಗೇ ಅಲ್ಲ' ಎಂಬುದು ವಿಭಾಗದಲ್ಲಿ ನನ್ನ ಹೆಸರಿನಲ್ಲಿ ಚಲಾವಣೆಯಲ್ಲಿದ್ದ ಏಕೈಕ ಸಿದ್ಧಾಂತ.

ಈ ಸುಖೀ ವ್ಯವಸ್ಥೆಗೆ ಇಡೀ ಕಟ್ಟಡದಲ್ಲಿ ಒಬ್ಬರದೇ ತಕರಾರಿತ್ತು. ಅವರು ಪ್ರಯೋಗಶಾಲೆಯ ಅಟೆಂಡರ್.

"ಸರ್, ಮೂರನೇ ಸಲದ್ದು ಯಾರೂ ಮಾಡಂಗಿಲ್ರಿ," ಎಂದರು ಒಂದು ದಿನ, ಗಾಜಿನ ಸಾಮಾನು ತೊಳೆಯುತ್ತ.

"ನಿನಗ ಯಾರು ಹೇಳ್ಯಾರ?"

"ಆ್ಯಸಿಡ್ ಬಾಟ್ಲಿ ಹೇಳ್ತದ್ರಿ. ಇಷ್ಟು ಹುಡುಗರು ಮೂರು ಮೂರು ಸಲ ಮಾಡಿದ್ರ ಅದು ಖಾಲಿ ಆಗಬೇಕಲ್ರಿ. ಅರ್ಧಕ್ಕ ನಿಂತದ."

"ಹುಡುಗರು ಸಾಮಾನು ಉಳಿಸ್ತಾರ. ಒಳ್ಳೇದೇ ಆತಲ್ಲ."

"ಹೌದ್ರಿ. ಬರಿಯೂದ್ರಾಗ ಮಾತ್ರ ಕೈ ಬಿಚ್ಚತಾರ."

ನಕ್ಕು ಮುಂದಿನ ಸಹಿ ಹಾಕಿದೆ. ಆವತ್ತು ಅವರ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೂರದ ಒಂದು ಸಂಘದ ದಾಖಲೆಯಲ್ಲಿ ಆ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಕೂತಿದೆ. ಅದನ್ನು ಕೂರಿಸಿದವನು ನಾನು. ಅದು ಏಳುವ ತನಕ ಆ ಹೆಸರನ್ನು ಎತ್ತುವ ಹಕ್ಕು ನನಗಿಲ್ಲ. ಇನ್ನೊಂದು ಮಾತು: ಕಾಲೇಜಿನಲ್ಲಿ ನಾನು ಅವರನ್ನು ಏಕವಚನದಲ್ಲೇ ಕರೆದೆ. ಈಗ 'ಅವರು' ಎಂದು ಬರೆಯುತ್ತಿದ್ದೇನೆ. ಪ್ರಾಯಶ್ಚಿತ್ತಗಳಲ್ಲಿ ಇದಕ್ಕಿಂತ ಸುಲಭದ್ದು ನನಗೆ ಸಿಗಲಿಲ್ಲ.

ವಲಾಂಡಿಯಿಂದ ಒಳಗೆ ಎರಡು ಮೈಲಿ ಅವರ ಊರು. ಬೀರಪ್ಪನ ಒಕ್ಕಲು, ಮನೆತುಂಬ ಕುರಿ. ಅಣ್ಣಂದಿರು ಕುರಿಯ ಹಿಂದೆ ಹೋದರು, ಇವರು ಹೇಗೋ ಹತ್ತನೆಯ ಇಯತ್ತೆ ಮುಗಿಸಿ ನಮ್ಮಲ್ಲಿಗೆ ಬಂದರು. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಖಾಕಿ ಅಂಗಿಯ ಮೇಲೆ ಆಮ್ಲ ಸಿಡಿದ ತೂತುಗಳು. ಚಳಿಗಾಲದಲ್ಲಿ ಅದರ ಮೇಲೊಂದು ಕರಿ ಕಂಬಳಿ. ಪ್ರಾಚಾರ್ಯರು ಆಕ್ಷೇಪಿಸಿದಾಗ, "ಉಣ್ಣಿಗಿ ಬೆಂಕಿ ಲಗು ಹತ್ತಂಗಿಲ್ರಿ, ಲ್ಯಾಬಿಗಿ ಇದೇ ಚಲೋ," ಎಂದು ಅಗ್ನಿಶಾಮಕ ಕಾರಣ ಕೊಟ್ಟು ಗೆದ್ದವರು. ಪರೀಕ್ಷೆಯ ದಿನ ಹುಡುಗರು ಬಂದು, "ಮಾಮಾ, ಈ ಉಪ್ಪು ಯಾವುದು?" ಎಂದು ಗೋಗರೆದರೆ ಹೇಳುತ್ತಿರಲಿಲ್ಲ. "ನೀ ಏನು ಕಂಡಿ ಅದು ಬರಿ. ನಾ ಕಂಡಿದ್ದು ನಿನಗ್ಯಾಕ?" ಅನ್ನುತ್ತಿದ್ದರು. ನಮ್ಮ ಪ್ರಾಧ್ಯಾಪಕರಲ್ಲಿ ಇಷ್ಟು ಕಠಿಣ ಮನಸ್ಸಿನವರು ಯಾರೂ ಇರಲಿಲ್ಲ.

ಪ್ರತಿವರ್ಷ ವಿಜ್ಞಾನ ದಿನದಂದು ನಾನು 'ನಕ್ಷತ್ರಗಳ ರಾಸಾಯನಿಕ ರಚನೆ' ಎಂಬ ಉಪನ್ಯಾಸ ಮಾಡುತ್ತಿದ್ದೆ. ಪ್ರತಿವರ್ಷವೂ ಅದೇ, ಅಕ್ಷರ ತಪ್ಪದೆ. ಪ್ಲಾಟಿನಂ ತಂತಿಗೆ ಉಪ್ಪು ಹಚ್ಚಿ ಜ್ವಾಲೆಗೆ ಹಿಡಿಯುವುದು ಅವರ ಕೆಲಸ. ಸೋಡಿಯಂ ಹಳದಿ ಉರಿಯುತ್ತಿತ್ತು, ಸ್ಟ್ರಾನ್ಶಿಯಂ ಕೆಂಪು, ತಾಮ್ರ ಹಸಿರು. 'ಹೀಗೆಯೇ, ಮಹನೀಯರೇ, ಬೆಳಕು ನೋಡಿ ನಕ್ಷತ್ರದ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಬಹುದು' ಎಂದು ನಾನು ಕೈಯೆತ್ತುತ್ತಿದ್ದೆ. ಕೊನೆಗೆ, ಕೆಲವು ನಕ್ಷತ್ರಗಳು ಉಬ್ಬಿ ಕುಗ್ಗಿ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತವೆ, ಒಳಗಿನ ಹೀಲಿಯಂ ಪದರ ಅನ್ನದ ಬೋಗುಣಿಯ ಮುಚ್ಚಳದ ಹಾಗೆ ಶಾಖವನ್ನು ಹಿಡಿದು, ಎದ್ದು, ಬಿಟ್ಟು, ಮತ್ತೆ ಕೂರುತ್ತದೆ ಎಂಬ ಮಾತು. ಆಮೇಲೆ ಚಪ್ಪಾಳೆ, ಆಮೇಲೆ ಚಹಾ.

ಎಷ್ಟೋ ವರ್ಷ ತಂತಿ ಹಿಡಿದು ನಿಂತ ಮೇಲೆ ಒಂದು ಸಲ ಅವರು ಕೇಳಿದರು: "ಸರ್, ಆ ಉಸಿರಾಡೋ ಚಿಕ್ಕಿ ಒಂದರೆ ತೋರಸ್ರಿ."

ನನಗೆ ಆಕಾಶದಲ್ಲಿ ಚಂದ್ರನನ್ನು ಬಿಟ್ಟರೆ ಬೇರೆ ಯಾರ ಪರಿಚಯವೂ ಇರಲಿಲ್ಲ. ಇದನ್ನು ಒಪ್ಪಿಕೊಳ್ಳದೆ, ಗ್ರಂಥಾಲಯದ ಹಳೆಯ ಪತ್ರಿಕೆಯೊಂದರಿಂದ ಒಂದು ಪುಟದ ನಕ್ಷೆ ಬರೆದುಕೊಟ್ಟೆ. ಶ್ರವಣ ನಕ್ಷತ್ರದ ಕೆಳಗೆ, ಹಾಲುಹಾದಿಯ ದಟ್ಟಣೆಯಲ್ಲಿ ಒಂದು ಚಿಕ್ಕಿ. ಸುತ್ತ ನೆರೆಹೊರೆಯ ಚಿಕ್ಕಿಗಳಿಗೆ ಅವುಗಳ ಬೆಳಕಿನ ಅಂಕಿ. ಮುಂದಿನ ವಾರ ಅವರು ಔರಾದ ಶಹಾಜನಿಯ ಸಂತೆಯಲ್ಲಿ ಒಂದು ಹಳೇ ದುರ್ಬೀನು ಕೊಂಡರು. ಅದರ ಎರಡು ಕಣ್ಣುಗಳಲ್ಲಿ ಒಂದಕ್ಕೆ ಬೂಷ್ಟು ಹಿಡಿದಿತ್ತು. "ಇನ್ನೊಂದು ಚಲೋ ಅದಲ್ರಿ," ಎಂದರು, "ಚಿಕ್ಕಿ ಒಂದೇ ಅದ."

ನೋಡುವ ಕ್ರಮ ಅವರಿಗೆ ಕಲಿಸಬೇಕಾಗಿರಲಿಲ್ಲ. ಸಂಜೆ ಮಬ್ಬಿನಲ್ಲಿ ಕುರಿ ಹಟ್ಟಿಗೆ ಬರುವಾಗ ಅವರ ಅಜ್ಜ ಬಾಗಿಲಲ್ಲಿ ಕೂತು ಕೇಳುತ್ತಿದ್ದನಂತೆ: ಈ ಕುರಿ ಆ ಕುರಿಗಿಂತ ಎಷ್ಟು ಕಪ್ಪು, ಅದರ ಮಗ್ಗುಲದ್ದಕ್ಕಿಂತ ಎಷ್ಟು ಬಿಳುಪು? ಎರಡರ ನಡುವೆ ಇಟ್ಟು ಹೇಳಬೇಕು. ಹೇಳಿದವನಿಗೆ ಮಾತ್ರ ರೊಟ್ಟಿ. ಚಿಕ್ಕಿಗೂ ಅದೇ ಕ್ರಮ ಎಂದು ತಿಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ತಮ್ಮ ವಹಿಯಲ್ಲಿ, ಎಂದರೆ ನೂರು ಪುಟದ ಶಾಲೆಯ ನೋಟ್‌ಬುಕ್ಕಿನಲ್ಲಿ, ತಾರೀಖು ಹಾಕಿ ಬರೆಯುತ್ತಿದ್ದರು: ಎಡಗಡೀದಕ್ಕಿಂತ ಎರಡು ನೂಲು ಮಬ್ಬು, ಬಲಗಡೀದಕ್ಕಿಂತ ಒಂದು ನೂಲು ಬೆಳಕು. ನೂಲೆಂದರೆ ಕಣ್ಣಿಗೆ ತಿಳಿಯುವ ಅತಿ ಸಣ್ಣ ಅಂತರ. ಮಾತು ಕನ್ನಡ, ಅಕ್ಷರ ಮರಾಠಿ. ನಮ್ಮ ಗಡಿಯ ಜನ ಹೀಗೆಯೇ ಬರೆಯುವುದು. ಕಾಣದ ದಿನ ಒಂದೇ ಪದ: 'ಮ್ವಾಡ'. ಮೋಡ. ಮಳೆಗಾಲದ ಪುಟಗಳಲ್ಲಿ ಮೇಲಿಂದ ಕೆಳಗೆ ಅದೇ: ಮ್ವಾಡ, ಮ್ವಾಡ, ಮ್ವಾಡ.

"ಕಾಣದಿದ್ದ ದಿನ ಯಾಕ ಬರೀತಿ?" ಎಂದು ಕೇಳಿದ್ದೆ.

"ನೋಡ್ಲಿಕ್ಕ ಹೋಗಿದ್ನಲ್ರಿ," ಎಂದರು.

ಆ ಚಿಕ್ಕಿಯಲ್ಲಿ ಏನೇನಿದೆ ಎಂದು ಅವರಿಗೆ ತಿಳಿಯಬೇಕಿತ್ತು. ಹೈಡ್ರೋಜನ್, ಹೀಲಿಯಂ, ಉಳಿದದ್ದು ಲೋಹ, ಎಂದೆ. "ಉಳಿದದ್ದು ಅಂದ್ರ?" ಖಗೋಳದವರು ಆ ಎರಡನ್ನು ಬಿಟ್ಟು ಎಲ್ಲವನ್ನೂ ಲೋಹವೆಂದೇ ಕರೆಯುತ್ತಾರೆ, ಆಮ್ಲಜನಕವೂ ಲೋಹ, ಇಂಗಾಲವೂ ಲೋಹ. ಅವರು ತೊಳೆಯುತ್ತಿದ್ದ ಬೀಕರನ್ನು ಕೆಳಗಿಟ್ಟರು.

"ಕಾರ್ಬನ್ ಲೋಹ ಅಂತ ನಮ್ಮ ಹುಡುಗ ಬರ್ದ್ರ ನೀವು ಸೊನ್ನಿ ಹಾಕ್ತೀರಿ."

"ಹಾಕ್ತೀನಿ."

"ಅವರಿಗಿ ಯಾರು ಹಾಕ್ತಾರ್ರಿ?"

ನಾನು ಮಾತನ್ನು ಕಬ್ಬಿಣಕ್ಕೆ ತಿರುಗಿಸಿದೆ. ಕಬ್ಬಿಣ ಹೆಚ್ಚಿದ್ದದ್ದು ಹೊಸ ಪೀಳಿಗೆಯ ನಕ್ಷತ್ರ, ಕಡಿಮೆ ಇದ್ದದ್ದು ಹಳೆಯ ಪೀಳಿಗೆಯದು; ಉಬ್ಬಿ ಕುಗ್ಗುವ ನಕ್ಷತ್ರಗಳನ್ನು ವಿಂಗಡಿಸುವಾಗ ಉಸಿರಿನ ಅವಧಿಯ ಜೊತೆಗೆ ಇದನ್ನೂ ನೋಡುತ್ತಾರೆ ಎಂದು ವಿವರಿಸಿದೆ. ಅವರು ತಲೆದೂಗಿ, "ಬಣ್ಣಾ ನೋಡಿ ತಳಿ ಹೇಳೂದು, ಉಸರು ನೋಡಿ ಜಡ್ಡು ಹೇಳೂದು. ನಮ್ಮ ಅಜ್ಜಂದೇ ಧಂದಾ," ಎಂದರು.

ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ವಹಿ ಹಿಡಿದು ಬಂದರು.

"ಸರ್, ಇದರ ಉಸರು ಎರಡು ನಮೂನಿ ಅದ್ರಿ. ಒಂದು ಸಲ ಪೂರಾ ಮಬ್ಬಾಗ್ತದ, ಮತ್ತ ಬೆಳಗ್ತದ. ಮುಂದಿನ ಸಲ ಅರ್ಧಕ್ಕೇ ತಿರಗ್ತದ. ಅದರ ಮುಂದಿನ ಸಲ ಮತ್ತ ಪೂರಾ. ಬ್ಯಾನಿ ಬಂದ ಕುರಿ ಹಿಂಗ ಉಸರಾಡ್ತದ ನೋಡ್ರಿ, ಒಂದು ಆಳ, ಒಂದು ಮ್ಯಾಲಿಂದ ಮ್ಯಾಲ."

"ನಕ್ಷತ್ರಕ್ಕ ಜಡ್ಡು ಬಂದದ ಅಂತೀ ಏನು?"

"ನಾ ಏನೂ ಅನ್ನಂಗಿಲ್ರಿ. ಕಂಡಿದ್ದು ಬರ್ದೀನಿ."

ನನ್ನ ಬಳಿ ಇದ್ದ ಒಂದೇ ಪುಸ್ತಕದಲ್ಲಿ ಸೀಫಿಡ್ ಎಂಬ ಒಂದೇ ವರ್ಗದ ವರ್ಣನೆ ಇತ್ತು. ಆ ವರ್ಗದವು ಗಡಿಯಾರದ ಹಾಗೆ ಒಂದೇ ಅಳತೆಯಲ್ಲಿ ಉಸಿರಾಡುತ್ತವೆ. ನಾನು ಓದಿದ್ದು ಒಂದೇ ವರ್ಗ, ಆದ್ದರಿಂದ ಆಕಾಶದಲ್ಲಿ ಇರುವುದೂ ಒಂದೇ ವರ್ಗ. "ನಿನ್ನ ದುರ್ಬೀನಿಗೇ ಜಡ್ಡು ಬಂದಿರಬೇಕು," ಎಂದೆ. ಅವರು ದುರ್ಬೀನನ್ನು ಒರೆಸಿ, ಮತ್ತೆ ನೋಡಿ, ಮತ್ತೆ ಅದನ್ನೇ ಬರೆದರು.

ನಾನು ನಿವೃತ್ತನಾಗುವ ವರ್ಷದ ಬೇಸಿಗೆಯಲ್ಲಿ ಅವರು ಹನ್ನೊಂದು ವರ್ಷದ ವಹಿಗಳನ್ನು ಕಂಬಳಿಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಇಂಥ ಅಂಕಿಗಳನ್ನು ಲೋಕದ ಹವ್ಯಾಸಿಗಳಿಂದ ಕೂಡಿಸಿಡುವ ಸಂಘ ಒಂದಿದೆ ಎಂದು ಹಿಂದೊಮ್ಮೆ ನಾನೇ ಜಂಬದಿಂದ ಹೇಳಿದ್ದೆ.

"ಅವರು ಇವನ್ನ ತಗೋತಾರೇನ್ರಿ? ನನಗ ಮಾನ ಸನ್ಮಾನ ಏನೂ ಬ್ಯಾಡ. ಆ ಚಿಕ್ಕಿ ಮುಂದ, ಈ ದಿನ ಇಂವಾ ಹಿಂಗ ಕಂಡಾನ ಅಂತ ಇದ್ರ ಸಾಕು."

ಕಂಪ್ಯೂಟರ್, ಇಂಗ್ಲಿಷ್ ಅರ್ಜಿ ಅವರಿಂದ ಆಗುವ ಕೆಲಸವಲ್ಲ. ನಾನು ಒಪ್ಪಿಕೊಂಡೆ. ಅವರ ಹೆಸರಿನಲ್ಲೇ ವೀಕ್ಷಕರೆಂದು ನೋಂದಾಯಿಸಿ, ನೂಲುಗಳನ್ನು ಅಂಕಿಗಳಾಗಿ ತಿರುಗಿಸುತ್ತ ಕೂತೆ. ಕೂತವನ ಕೈ ನಲವತ್ತು ವರ್ಷ ಹಳೆಯ ಕೈ. ಒಂದು ಕುಸಿತ ಆಳ, ಮುಂದಿನದು ಅರ್ಧ, ಮತ್ತೆ ಆಳ. ಯಾವುದೂ ಯಾವುದಕ್ಕೂ ಹೊಂದುತ್ತಿಲ್ಲ. ದೂರದ ವಿದ್ವಾಂಸರು ಇದನ್ನು ನೋಡಿದರೆ ನಮ್ಮ ಕಾಲೇಜಿನ ಮರ್ಯಾದೆ ಏನಾಗಬೇಕು? ನಾನು ಏನನ್ನೂ ಅಳಿಸಲಿಲ್ಲ; ಹೊಂದಿಸಿದೆ. ಆಳದ್ದನ್ನು ಸ್ವಲ್ಪ ಎತ್ತಿದೆ, ಅರ್ಧದ್ದನ್ನು ಸ್ವಲ್ಪ ಇಳಿಸಿದೆ. ಎಲ್ಲ ಉಸಿರೂ ಒಂದೇ ಅಳತೆಗೆ ಬಂತು. ಆಮೇಲೆ ಮಳೆಗಾಲದ ಪುಟಗಳು: ಮ್ವಾಡ, ಮ್ವಾಡ. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿದ್ದವು. ಲೆಕ್ಕ ಹಾಕಿ ಅವನ್ನೂ ತುಂಬಿದೆ. ಮೂರನೆಯ ರೀಡಿಂಗು ಬರೆಯುವುದು ನನಗೇನು ಹೊಸದೇ? ನಾನು ಉಪಕಾರ ಮಾಡುತ್ತಿದ್ದೇನೆ ಎಂಬ ಬಗ್ಗೆ ನನಗೆ ಸಂಶಯವಿರಲಿಲ್ಲ. ಮಾಡಿದ್ದನ್ನು ಅವರಿಗೆ ಹೇಳಬೇಕು ಅನ್ನಿಸಲಿಲ್ಲ ಎಂಬುದು ಮಾತ್ರ ಈಗ ನೆನಪಾಗುತ್ತದೆ.

ಎರಡು ತಿಂಗಳಿಗೆ ಉತ್ತರ ನನ್ನ ಇಮೇಲಿಗೆ ಬಂತು. ಬಹಳ ಸಭ್ಯ ಪತ್ರ. ಈ ನಕ್ಷತ್ರ ಸೀಫಿಡ್ ಅಲ್ಲ, ಆರ್‌ವಿ ಟೌರಿ ಎಂಬ ವರ್ಗದ್ದು. ಒಂದು ಆಳದ ಕುಸಿತ, ಒಂದು ಅರೆ ಕುಸಿತ, ಹೀಗೆ ಸರದಿಯಲ್ಲಿ ಬರುವುದೇ ಈ ವರ್ಗದ ಗುರುತು. ನಿಮ್ಮ ವೀಕ್ಷಕರಿಗೆ ಅದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಾಣದಿದ್ದುದು ಆಶ್ಚರ್ಯ, ಎಂದಿದ್ದರು. ನಿಮ್ಮ ಊರಿನಲ್ಲಿ ಮಳೆಗಾಲದಲ್ಲೂ ಒಂದು ದಿನ ತಪ್ಪದೆ ಆಕಾಶ ತಿಳಿಯಾಗಿರುವುದಕ್ಕೆ ಅಭಿನಂದನೆ, ಎಂದೂ ಇತ್ತು. ಮೂಲ ನೋಟ್‌ಬುಕ್ ನೋಡುವ ತನಕ ಈ ವೀಕ್ಷಕರ ಎಲ್ಲ ಅಂಕಿಗಳ ಮುಂದೆಯೂ ಸಂಶಯದ ಚಿಹ್ನೆ ಇರುತ್ತದೆ. ದಯವಿಟ್ಟು ಮೂಲ ಕಳಿಸಿ.

ಮೂಲ ನನ್ನ ಕಪಾಟಿನಲ್ಲೇ ಇತ್ತು, ಅದೇ ಕಂಬಳಿಯಲ್ಲಿ. ಕಳಿಸಿದ್ದರೆ ಅವರು ಗೆಲ್ಲುತ್ತಿದ್ದರು, ನಾನು ಸಿಕ್ಕಿಬೀಳುತ್ತಿದ್ದೆ. ಆ ತಿಂಗಳೇ ನನ್ನ ಬೀಳ್ಕೊಡುಗೆ. ಶಾಲು ಹೊದಿಸಿ, 'ಅಳತೆ ತಪ್ಪದ ಗುರುಗಳು' ಎಂದು ಭಾಷಣ ಮಾಡಿದರು. ಪತ್ರವನ್ನು ಮುಚ್ಚಿಟ್ಟೆ.

ಆಮೇಲೆ ಅವರು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಕೂತು, ಮಾತೆಲ್ಲ ಮುಗಿದ ಮೇಲೆ, ಚಪ್ಪಲಿ ಮೆಟ್ಟುವಾಗ ಕೇಳುವರು: "ಪತ್ರ ಬಂತೇನ್ರಿ ಸರ್?"

"ಇನ್ನಾ ಇಲ್ಲಪಾ. ದೊಡ್ಡ ಮಂದಿ, ಟೈಮ್ ಹಿಡೀತದ."

ಒಂದು ಸಲ ಬೇಸರಕ್ಕೆ, "ಅವರು ನೋಡಿದವರ ಕಣ್ಣು ಹ್ಯಾಂಗದ ಅಂತ ಕೇಳ್ತಿರಬಹುದು," ಎಂದುಬಿಟ್ಟೆ. ಬಾಯಿಗೆ ಬಂದ ಮಾತು. ಅವರು ಮರುವಾರ ಉಮರ್ಗಾಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ ಬಂದರು. ಚೀಟಿಯನ್ನು ನನ್ನ ಮುಂದೆ ಹಿಡಿದರು.

"ಕಣ್ಣು ಬರೋಬರ್ ಅದ ಅಂದಾರ. ಇದರ ಮ್ಯಾಲ ನಂಬಿಗಿ ಇಡ್ಲೋ, ಆ ಪತ್ರದ ಮ್ಯಾಲ ಇಡ್ಲೋ ತಿಳೀವಲ್ತು."

"ಬಾರದ ಪತ್ರದ ಮ್ಯಾಲ ನಂಬಿಗಿ ಹ್ಯಾಂಗ ಇಡ್ತಿ?"

"ಬಾರದಿರೂದೂ ಒಂದು ಜವಾಬೇ ಅಲ್ರಿ."

ಕೊನೆಯ ಸಲ ಸಿಕ್ಕಿದ್ದು ನಿಲಂಗಾದ ಬಸ್ ನಿಲ್ದಾಣದಲ್ಲಿ. ನಾನು ನೆಂಟರ ಮದುವೆ ಮುಗಿಸಿ ಹೊರಟಿದ್ದೆ; ಅವರು ಮೇವಿನ ಬೀಜ ಕೊಳ್ಳಲು ಬಂದಿದ್ದರು, ಆಗಲೇ ಅವರೂ ನಿವೃತ್ತರು. ಚಹಾ ಕುಡಿಸಿದರು. ಬಹಳ ಸೊರಗಿದ್ದರು. ಈ ಸಲ ಪತ್ರದ ಮಾತೆತ್ತಲಿಲ್ಲ.

"ಸರ್, ಒಂದು ಕೇಳ್ಲೇನು? ನಾ ಬರ್ದಿದ್ರಾಗ ಚೂಕ್ ಎಲ್ಲದ, ಎಲ್ಲಿ ತಪ್ಪೀನಿ ಅಂತ ನಿಮಗ ಅನಸ್ತದ? ನೀವು ಓದಿದವರು. ಖರೆ ಹೇಳ್ರಿ, ನಾ ಮನಸಿಗಿ ಹಚ್ಚಿಕೊಳ್ಳಂಗಿಲ್ಲ."

ನಾನು ಬಾಯಿ ತೆರೆದೆ. ಉದಗೀರಿನ ಬಸ್ಸು ಬಂತು. "ಮುಂದ ಸಿಕ್ಕಾಗ ಮಾತಾಡೂಣ," ಎಂದು ಹತ್ತಿದೆ. ಆ ಬಸ್ಸು ಆಮೇಲೆ ಹತ್ತು ನಿಮಿಷ ಅಲ್ಲೇ ನಿಂತಿತ್ತು. ನಾನು ಕಿಟಕಿಯ ಪಕ್ಕ ಕೂತು ಪತ್ರಿಕೆ ಓದುತ್ತಿದ್ದೆ. ಅವರು ಕೆಳಗೆ ಬೀಜದ ಚೀಲ ಹಿಡಿದು, ನನ್ನನ್ನು ಕಳಿಸಿಕೊಡಲು, ನಿಂತೇ ಇದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ಹದಿನೈದು ದಿನ ತಡವಾಗಿ ಮುಟ್ಟಿತು. ಕಂಬಳಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ವಲಾಂಡಿಯ ಬಸ್ಸು ಹತ್ತಿದೆ. ಅವರ ಹೆಂಡತಿ ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದರು. ಯಾರು ಬಂದರೂ ಆ ಮನೆಯಲ್ಲಿ ಕಂಬಳಿಯ ಮೇಲೆಯೇ ಕೂರಿಸುವುದು. ಅದು ಬೀರಪ್ಪನ ಆಸನ. ಅದರ ಮೇಲೆ ಕೂತು ಸುಳ್ಳು ಹೇಳಬಾರದು ಎಂದು ಅವರೇ ಒಮ್ಮೆ ಲ್ಯಾಬಿನಲ್ಲಿ ನನಗೆ ಹೇಳಿದ್ದರು. ಮೊದಲೇ ಈ ಮನೆಗೆ ಬಂದಿದ್ದರೆ ಚೆನ್ನಾಗಿತ್ತು.

ಎಲ್ಲ ಹೇಳಿದೆ. ಹೊಂದಿಸಿದ್ದು, ತುಂಬಿದ್ದು, ಪತ್ರ ಬಂದದ್ದು, ಬಚ್ಚಿಟ್ಟದ್ದು.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು. "ಅಂದ್ರ ಪತ್ರ ಬಂದಿತ್ತು," ಎಂದರು.

"ಬಂದಿತ್ತವ್ವಾ."

"ಅವರು ಕಂಡಿದ್ದು ಖರೆ ಇತ್ತು."

"ಖರೆ ಇತ್ತು. ಸುಳ್ಳು ನಾ ಬರ್ದಿದ್ದು."

"ಮತ್ತ ಅವರು ತಮ್ಮ ಕಣ್ಣೇ ಚೂಕ್ ಅದ ಅಂತ ತಿಳಕೊಂಡೇ ಹೋದ್ರಲ್ರಿ ಸರ್." ಸೆರಗು ಬಿಡಿಸಿಕೊಂಡು, "ಚಹಾ ಇಡ್ತೀನಿ," ಎಂದು ಎದ್ದರು. ಬೈದಿದ್ದರೆ ನಾನು ಹಗುರಾಗಿ ಊರಿಗೆ ಹೋಗುತ್ತಿದ್ದೆ. ಆಕೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರು.

ಹೊರಡುವಾಗ ಹಳೆಯ ಗಂಟನ್ನು ನನಗೇ ಮರಳಿಸಿ, ಒಳಗಿಂದ ಇನ್ನೂ ನಾಲ್ಕು ವಹಿ ತಂದು ಕೊಟ್ಟರು. ನನಗೆ ಹಳೆಯವನ್ನು ಒಪ್ಪಿಸಿದ ಮರುದಿನದಿಂದ ಬರೆದ ಹೊಸ ವಹಿಗಳು. "ಬಂದ್ ಮಾಡ್ತೀನಿ ಅಂತಿದ್ರು. ಮತ್ತ ಹೋಗಿ ಅಂಗಳದಾಗ ನಿಂದರ್ತಿದ್ರು. ಇವನ್ನ ನಿಮಗೇ ಕೊಡು ಅಂದಾರ. ನಿಮ್ಮ ಸಹಿಗಿ ಜಾಗಾ ಬಿಟ್ಟಾರಂತ."

ಬಸ್ಸಿನಲ್ಲಿ ತೆರೆದು ನೋಡಿದೆ. ಅದೇ ಅಕ್ಷರ, ಅದೇ ನೂಲು, ಅದೇ ಎರಡು ಉಸಿರು: ಆಳ, ಅರ್ಧ, ಆಳ, ಅರ್ಧ. ಹಳೆಯ ವಹಿಗಳಲ್ಲಿ ಇಲ್ಲದ ಒಂದು ಹೊಸ ಗೀಟು ಪ್ರತಿ ಪುಟದ ಬಲಕ್ಕೆ, ಸ್ಕೇಲಿಟ್ಟು ಎಳೆದದ್ದು. ಅದರ ನೆತ್ತಿಗೆ 'ಸರ್ ಸಹಿ' ಎಂದು ಬರೆದು ಪ್ರತಿ ಸಾಲಿನ ಎದುರೂ ಜಾಗ ಖಾಲಿ ಬಿಟ್ಟಿದ್ದರು. ಸಹಿ ಇಲ್ಲದ್ದಕ್ಕೇ ಸಂಘದವರು ತೆಗೆದುಕೊಂಡಿಲ್ಲ ಎಂದುಕೊಂಡಿರಬೇಕು. ಆ ಸಿದ್ಧಾಂತ ಯಾರದೆಂದು ಮೇಲೆ ಹೇಳಿದ್ದೇನೆ.

ಮರುದಿನ ಸಂಘಕ್ಕೆ ಬರೆದೆ. ವೀಕ್ಷಣೆ ಅವರದು, ಸುಳ್ಳು ನನ್ನದು, ಇಗೋ ಮೂಲ, ಎಂದು ಹಳೆಯ ಮತ್ತು ಹೊಸ ವಹಿಗಳ ಪುಟಪುಟವನ್ನೂ ಚಿತ್ರ ತೆಗೆದು, ಮ್ವಾಡ ಎಂದರೇನು ಎಂಬ ಟಿಪ್ಪಣಿ ಸಮೇತ ಕಳಿಸಿದೆ. ಈ ವರ್ಗದ ಕೆಲವು ನಕ್ಷತ್ರಗಳಲ್ಲಿ ಕಬ್ಬಿಣ ಬಹಳ ಕಡಿಮೆ ಕಾಣುತ್ತದೆ ಎಂದು ಈಗ ಓದಿ ತಿಳಿದಿದ್ದೇನೆ. ಅದು ಹುಟ್ಟಿನಿಂದ ಬಂದ ಬಡತನವಲ್ಲವಂತೆ. ಕಬ್ಬಿಣ ಧೂಳಾಗಿ ಹೊರಗೇ ನಿಂತುಬಿಡುತ್ತದೆ, ಒಳಗೆ ಮರಳುವುದಿಲ್ಲ. ಇದನ್ನು ಅವರಿಗೆ ಹೇಳಿದ್ದರೆ ಕುರಿಯ ಯಾವ ಜಡ್ಡಿಗೆ ಹೋಲಿಸುತ್ತಿದ್ದರೋ.

ಮೊನ್ನೆ ಅವರ ಹೆಂಡತಿ ಫೋನ್ ಮಾಡಿದ್ದರು. ಕುಶಲ ಕೇಳಿ, ಕೊನೆಗೆ, "ಪತ್ರ ಬಂತೇನ್ರಿ ಸರ್?"

"ಇನ್ನಾ ಇಲ್ಲವ್ವಾ," ಎಂದೆ. ಇಷ್ಟು ವರ್ಷಗಳಲ್ಲಿ ಈ ಮಾತು ಮೊದಲ ಸಲ ನಿಜವಾಗಿತ್ತು.

ಸಂಘಕ್ಕೆ ಸಹಿ ಬೇಕಿಲ್ಲ. ಆದರೂ ವಹಿಗಳನ್ನು ಮುಂದಿಟ್ಟುಕೊಂಡು ಪೆನ್ನು ಹಿಡಿದು ಕೂತೆ. ಸಾವಿರಾರು ರೀಡಿಂಗುಗಳಿಗೆ ನೋಡದೆ ಸಹಿ ಹಾಕಿದ ಕೈ ಈ ಸಲ ಏಳಲಿಲ್ಲ. ಪುಟ ತಿರುವುತ್ತ ಹೋದೆ. ನನ್ನ ಬೀಳ್ಕೊಡುಗೆಯ ತಾರೀಖು: ಮ್ವಾಡ. ಹೌದು, ಅಂದು ಮಂಟಪ ತೊಯ್ದು ಶಾಲಿನ ಬಣ್ಣ ಅಂಗಿಗೆ ಹತ್ತಿತ್ತು. ಮೊಮ್ಮಗಳಿಗೆ ಹೆಸರಿಟ್ಟ ದಿನ: ಮ್ವಾಡ. ನಾಗರಪಂಚಮಿಗೆ ಜೋಕಾಲಿಯ ಹಗ್ಗ ನೆನೆದು ಮಕ್ಕಳು ಅತ್ತ ದಿನ, ನಮ್ಮ ಓಣಿಯ ಲೈಟಿನ ಕಂಬ ಬಿದ್ದ ದಿನ: ಮ್ವಾಡ, ಮ್ವಾಡ. ಈ ನಾಲ್ಕು ಸಾಲುಗಳ ಎದುರು ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಆ ಮೋಡಗಳನ್ನು ನಾನೂ ಕಂಡಿದ್ದೆ.

ಉಳಿದ ಜಾಗ ಖಾಲಿ ಇದೆ. ಆ ದಿನಗಳಲ್ಲಿ ಚಿಕ್ಕಿ ಕಂಡಿರಲಿ, ಮೋಡವಿರಲಿ, ನೋಡಿದವರು ಅವರೊಬ್ಬರೇ.